ಹಾಕಿದವಳ ಪಥ್ಯ

ದೇವರು ಮನುಷ್ಯನ ಹೊಟ್ಟೆಯ ಬಲಗಡೆಯಲ್ಲಿ ಲಿವರ್ ಅನ್ನುವ ಒಂದು ಮೂಕ ಆಳನ್ನು ಇಟ್ಟಿದ್ದಾನೆ. ನಾವು ಒಳಗೆ ಹಾಕಿದ್ದನ್ನೆಲ್ಲ ಅದು ತೊಳೆಯುತ್ತದೆ, ಸೋಸುತ್ತದೆ, ಒಳ್ಳೆಯದನ್ನು ಮೈಗೆ ಕೊಟ್ಟು ಕೆಟ್ಟದ್ದನ್ನು ತಾನು ನುಂಗಿಕೊಂಡು ಸುಮ್ಮನಿರುತ್ತದೆ. ಸಾಕು ಅಂತ ಒಂದು ದಿನವೂ ಅನ್ನುವುದಿಲ್ಲ. ಅನ್ನುವ ಹೊತ್ತಿಗೆ ಕಣ್ಣು ಹಳದಿಯಾಗಿರುತ್ತದೆ.

ಗೋವಿನಕೋವಿಯ ವಿನೋದನ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವನು ಅವನ ಜೊತೆ ಪೈಪಿನ ಕೆಲಸ ಮಾಡುವ ಫಯಾಜ್. ಇಬ್ಬರೂ ಸಾಸ್ವೆಹಳ್ಳಿ ಹತ್ತಿರ ಒಂದು ಹೊಲದಲ್ಲಿ ಬೋರಿನಿಂದ ತೊಟ್ಟಿಗೆ ಪೈಪು ಎಳೆಯುತ್ತಿದ್ದರು. ಪೈಪಿನ ತುದಿಯನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಇನ್ನೊಂದನ್ನು ಅದರೊಳಗೆ ತುರುಕುವುದು ಅವರ ರೂಢಿ. ಜೋಡಿಸುವ ಕಪ್ಲಿಂಗು ಅಂಗಡಿಯಲ್ಲೇ ಸಿಗುತ್ತದೆ, ಆದರೆ ಬೆಂಕಿಯಲ್ಲಿ ಬೆಸೆದದ್ದೇ ಗಟ್ಟಿ ಅಂತ ಹೊಲದವರ ನಂಬಿಕೆ. ಸೌದೆ ಸಿಗದಿದ್ದರೆ ಒಡೆದ ಪೈಪಿನ ಚೂರುಗಳನ್ನೇ ಉರಿಸುತ್ತಿದ್ದರು. ಆಮೇಲೆ ಡಬ್ಬಿಯಿಂದ ಅಂಟನ್ನು ಬೆರಳಲ್ಲೇ ತೆಗೆದು ಬಳಿಯುವುದು. ಕೈ ತೊಳೆಯುವುದಕ್ಕೆ ಮುಂಚೆ ಟೀ ಬಂದಿರುತ್ತಿತ್ತು, ಕುದಿಕುದಿಯಾಗಿ, ತೆಳ್ಳನೆಯ ಕವರಿನಲ್ಲಿ, ಬಾಯಿಗೆ ದಾರ ಕಟ್ಟಿಸಿಕೊಂಡು.

"ಏನ್ಲಾ, ಕಣ್ಣಿಗೆ ಅರಿಶಿನ ಹಚ್ಕಂಡು ಬಂದೀಯಾ? ಇನ್ನೊಂದು ಮದುವೆ ಏನಾರ ಗೊತ್ತಾಗೈತಾ?" ಅಂದ ಫಯಾಜ್.

"ಇರೋ ಒಬ್ಬಳ್ನ ಸಾಕಾಕೆ ಆಗ್ತಿಲ್ಲ ಫಯಾಜಣ್ಣ, ಸುಮ್ನಿರು."

ಫಯಾಜ್ ನಕ್ಕ. ಆಮೇಲೆ ಹತ್ತಿರ ಬಂದು ಇನ್ನೊಮ್ಮೆ ನೋಡಿದ. ನಗು ನಿಂತಿತು. ಬೆಂಕಿಗೆ ಮಣ್ಣು ಎಳೆದು, ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊನ್ನಾಳಿಗೆ ಹೊರಟ.

ಕಣ್ಣು ಹಳದಿಯಾದವನನ್ನು ಊರು ಮೊದಲು ಕೇಳುವುದು ಒಂದೇ, ಯಾವ ಬ್ರಾಂಡು ಅಂತ. ಆದರೆ ವಿನೋದ ಕುಡಿದವನಲ್ಲ. ಅವನ ಅಪ್ಪ ಕುಡಿದೇ ಸತ್ತವನು. ಅಪ್ಪನ ಹೆಣ ಎತ್ತಿದ ವರ್ಷವೇ ತಾಯಿ ಲಕ್ಷ್ಮಮ್ಮ ಮಗನನ್ನು ಊರಿನ ಚೌಡೇಶ್ವರಿ ಗುಡಿಗೆ ಕರೆದೊಯ್ದು, ಮುಟ್ಟುವುದಿಲ್ಲ ಅಂತ ಕೈಮೇಲೆ ಕೈ ಹಾಕಿಸಿಕೊಂಡಿದ್ದಳು. ಅವನು ಆ ಮಾತನ್ನು ಉಳಿಸಿಕೊಂಡಿದ್ದ. ಹಾಗಾಗಿ ಹೊನ್ನಾಳಿ ಆಸ್ಪತ್ರೆಯ ಡಾಕ್ಟರು ರೂಪಶ್ರೀ, ಲಿವರ್ ಕೆಟ್ಟಿದೆ, ಒಳಗೆ ಗಾಯದ ಕಲೆ ಬೀಳುವುದಕ್ಕೆ ಶುರುವಾಗಿದೆ ಅಂದಾಗ, ಫಯಾಜನ ಫೋನಿಗೆ ಸೊಸೆಯ ಜೊತೆ ಓಡಿಬಂದಿದ್ದ ಲಕ್ಷ್ಮಮ್ಮನಿಗೆ ನೆಲವೇ ಸರಿದಂತಾಯಿತು.

ಪರೀಕ್ಷೆಯಲ್ಲಿ ಕಾಮಾಲೆಯ ಕ್ರಿಮಿಯೂ ಸಿಕ್ಕಿರಲಿಲ್ಲ. ಡಾಕ್ಟರು ಕೆಲಸ ಕೇಳಿದರು, ಊಟ ಕೇಳಿದರು, ನೀರು ಯಾವುದರಲ್ಲಿ ಅಂತ ಕೇಳಿದರು. ವಿನೋದನ ಹೆಂಡತಿ ನೇತ್ರಾವತಿ ಮುಚ್ಚುಮರೆ ಇಲ್ಲದೆ ಹೇಳಿದಳು. ಬೆಳಿಗ್ಗೆ ಒಲೆಯಿಂದ ಇಳಿಸಿದ ಸಾರನ್ನು ಹಾಗೇ ಪ್ಲಾಸ್ಟಿಕ್ ಡಬ್ಬಿಗೆ ಸುರಿದು ಕಟ್ಟುತ್ತೇನೆ. ನೀರಿನ ಕ್ಯಾನು ದಿನವೆಲ್ಲ ಬಿಸಿಲಲ್ಲಿರುತ್ತದೆ.

"ಇದೇ ಅಂತ ಒಂದರ ಮೇಲೆ ಬೆರಳಿಡೋಕೆ ಆಗಲ್ಲಮ್ಮ," ಅಂದರು ಡಾಕ್ಟರು. "ಪೈಪ್ ಸುಟ್ಟ ಹೊಗೆ, ಆ ಅಂಟು, ಪ್ಲಾಸ್ಟಿಕ್ಕಿನಲ್ಲಿ ಬಿಸಿ ಊಟ, ಬಿಸಿ ಟೀ. ಒಂದೊಂದೇ ಆಗಿದ್ರೆ ಲಿವರ್ ಹೇಗೋ ತಡ್ಕೊಳ್ತಿತ್ತೇನೋ. ಎಲ್ಲ ಸೇರ್ಕೊಂಡು ವರ್ಷಗಟ್ಟಲೆ ಹೋಗಿರಬಹುದು. ಈಗ ಎಲ್ಲಾನೂ ಬಿಟ್ರೆ ಚೇತರಿಸ್ಕೊಳ್ಳೋ ಅವಕಾಶ ಇದೆ. ಒಂದು ಮಾತು ಮಾತ್ರ ಮರೀಬೇಡಿ. ನಾಟಿ ಔಷಧಿ, ಕಷಾಯ, ಯಾವುದೂ ಬೇಡ. ಈ ಲಿವರ್ ಅದನ್ನ ತಡಿಯಲ್ಲ, ಜೀವಕ್ಕೇ ಬರುತ್ತೆ."

ಲಕ್ಷ್ಮಮ್ಮ ಬಾಗಿಲ ಹತ್ತಿರ ನಿಂತೇ ಕೇಳಿದಳು. "ಹಂಗಾದ್ರೆ ಹೊಟ್ಟೆಗೆ ವಿಷ ಹೋಗೈತೆ ಅಂತಾತು?"

"ಒಂಥರಾ ಹಾಗೇ."

"ಊಟದಾಗೆ?"

"ಊಟದಲ್ಲೂ ಅಮ್ಮ. ಆದರೆ ಬರೀ..."

ಲಕ್ಷ್ಮಮ್ಮ ಮುಂದಿನದು ಕೇಳಲಿಲ್ಲ. ಸೆರಗನ್ನು ಹೆಗಲಿಗೆ ಎಳೆದುಕೊಂಡು ಹೊರಗೆ ನಡೆದಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವಳು ನೋಡಿದ್ದು ಸೊಸೆಯ ಕೈಗಳನ್ನು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ಮದ್ದು ಹಾಕುವುದು ಅಂತ ಒಂದು ಭಯ ಇದೆ. ಗಂಡ ಕೈಬಿಡಬಾರದು ಅಂತಲೋ, ಹೊಟ್ಟೆಕಿಚ್ಚಿಗೋ, ಯಾರೋ ಊಟದಲ್ಲಿ ಏನೋ ಬೆರೆಸುತ್ತಾರೆ, ಅದು ಹೊಟ್ಟೆಯ ಗೋಡೆಗೆ ಅಂಟಿಕೊಂಡು ಮನುಷ್ಯನನ್ನು ಒಳಗೊಳಗೇ ತಿನ್ನುತ್ತದೆ ಅಂತ. ಕಂಡವರು ಇಲ್ಲ, ನಂಬದವರು ಕಡಿಮೆ. ನೇತ್ರಾವತಿ ಜಗಳೂರು ತಾಲ್ಲೂಕಿನ ಬಿಳಿಚೋಡಿನವಳು. ಮದುವೆಯಾಗಿ ಏಳೆಂಟು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಅತ್ತೆಗೆ ಇಷ್ಟು ಸಾಕಾಗಿತ್ತು.

"ಮಕ್ಕಳಿಲ್ಲ, ಗಂಡ ಇನ್ನೊಬ್ಬಳ್ನ ತಂದಾನು ಅಂತ ವಶಕ್ಕೆ ಹಾಕಿದಾಳೆ," ಅಂತ ಬಾಗಿಲಲ್ಲಿ ನಿಂತು ಬೀದಿಗೆ ಕೇಳುವಂತೆ ಹೇಳಿದಳು. "ಆ ಕಡೆಯೋರ ಬುದ್ಧಿ ನಂಗೆ ಮೊದ್ಲೇ ಗೊತ್ತಿತ್ತು. ಹೆಣ್ಣು ನೋಡಾಕೆ ಹೋದಾಗ್ಲೇ ಇವಳವ್ವ ಪಾಯಸ ತಿನ್ರಿ ತಿನ್ರಿ ಅಂತ ಕುತ್ತಿಗೆಗೆ ಬಿದ್ದಿದ್ಲು."

"ಅತ್ತೆ, ಡಾಕ್ಟ್ರು ಹೇಳಿದ್ದು ಡಬ್ಬಿ ಬಗ್ಗೆ, ಹೊಗೆ ಬಗ್ಗೆ. ನೀವೂ ಅಲ್ಲೇ ನಿಂತಿದ್ರಲ್ಲ."

"ಡಬ್ಬಿ ಊರಿಗೆಲ್ಲ ಐತೆ. ನನ್ನ ಮಗನಿಗೇ ಯಾಕೆ ಬಂತು?"

ನೇತ್ರಾವತಿ ತವರಿನ ಸ್ಟೀಲ್ ಡಬ್ಬಿಗಳನ್ನು ಅಟ್ಟದಿಂದ ಇಳಿಸಿ ಬೂದಿ ಹಾಕಿ ಬೆಳಗಿದಳು. ಲಕ್ಷ್ಮಮ್ಮ ಅವನ್ನು ಅಂಗಳಕ್ಕೆ ಎಸೆದಳು. "ಡಬ್ಬಿ ಬದ್ಲಾಯ್ಸಿದ್ರೆ ಕೈ ಬದ್ಲಾಗ್ತೈತೇನೇ?"

ವಿನೋದ ಚಾಪೆಯ ಮೇಲೆ ಮೈ ಕೆರೆದುಕೊಳ್ಳುತ್ತ ಮಲಗಿರುತ್ತಿದ್ದ. ಅಮ್ಮಾ ಸುಮ್ನಿರು ಅಂತ ಒಂದೆರಡು ಸಲ ಅಂದ. ಆಮೇಲೆ ಅದನ್ನೂ ಬಿಟ್ಟ. ಒಂದಿಷ್ಟು ತ್ರಾಣ ಬಂದದ್ದೇ ಮತ್ತೆ ಪೈಪಿನ ಬೆಂಕಿಯ ಮುಂದೆ ಹೋಗಿ ಕೂತ. ನೇತ್ರಾವತಿ ತಡೆದರೆ, "ಹೊಗೆಯಿಂದ ಯಾರಿಗೇನಾಗೈತೆ? ಫಯಾಜಣ್ಣ ಗುಂಡುಕಲ್ಲಿನಂಗೆ ಇಲ್ವಾ?" ಅಂದ. ಅವನ ಹೊಟ್ಟೆ ಉಬ್ಬತೊಡಗಿತು. ಕಾಲು ಊದಿಕೊಂಡಿತು. ಮತ್ತೆ ಚಾಪೆ ಹಿಡಿದ.

ಆಗ ಲಕ್ಷ್ಮಮ್ಮ ಚನ್ನಗಿರಿ ಕಡೆಯ ಹಳ್ಳಿಯಲ್ಲಿದ್ದ ತನ್ನಣ್ಣ ದುರುಗಪ್ಪನಿಗೆ ಫೋನು ಮಾಡಿದಳು. ದುರುಗಪ್ಪ ದೊಡ್ಡ ಗಂಟಲಿನ ಮನುಷ್ಯ, ತಂಗಿಯ ಮನೆಯ ವಿಷಯಕ್ಕೆ ಬಂದರೆ ಇನ್ನೂ ದೊಡ್ಡದಾಗುತ್ತಿತ್ತು. ಮಂಗಳವಾರ ಬೆಳಿಗ್ಗೆ ತನ್ನೂರಿನ ಗಾದ್ರಮ್ಮನನ್ನು ಆಟೋದಲ್ಲಿ ಕರೆದುಕೊಂಡೇ ಬಂದ. ಗಾದ್ರಮ್ಮ ಮದ್ದು ತೆಗೆಯುವವಳು. ಹಣೆಗೆ ದೊಡ್ಡ ಕುಂಕುಮ, ಕಂಕುಳಲ್ಲಿ ಚೀಲ, ಬಾಯಲ್ಲಿ ಎಲೆಅಡಿಕೆ. ಮನೆಯೊಳಗೆ ಬೇಡ, ತಾಯಿಯ ಮುಂದೆ ಆಗಲಿ ಅಂತ ವಿನೋದನನ್ನು ಚೌಡೇಶ್ವರಿಯ ಗುಡಿಕಟ್ಟೆಗೆ ಎತ್ತಿ ತಂದು, ಚಾಪೆ ಹಾಸಿ ಕೂರಿಸಿದರು. ಬೀದಿ ಎಲ್ಲ ಬಂದು ನಿಂತಿತು.

ಗಾದ್ರಮ್ಮ ನುಗ್ಗೆಸೊಪ್ಪು ಹಿಂಡಿ ರಸವನ್ನು ವಿನೋದನ ಅಂಗೈಗೆ ಬಿಟ್ಟಳು. ರಸ ಗಟ್ಟಿಯಾದರೆ ಒಳಗೆ ಮದ್ದು ಇದೆ ಅಂತ ಲೆಕ್ಕ. ಜ್ವರದ ಕೈ, ಬೆಚ್ಚಗಿತ್ತು. ಸ್ವಲ್ಪ ಹೊತ್ತಿಗೆ ರಸ ಗಟ್ಟಿಯಾಗಿ ಮೊಸರಿನಂತೆ ನಿಂತಿತು.

"ಐತೆ," ಅಂದಳು ಗಾದ್ರಮ್ಮ. "ಹಳೇದು. ಕರುಳಿಗೆ ಕಚ್ಕಂಡೈತೆ."

ಲಕ್ಷ್ಮಮ್ಮ ಎದೆ ಬಡಿದುಕೊಂಡಳು. ದುರುಗಪ್ಪ ಸೊಸೆಯ ಕಡೆ ತಿರುಗಿ, "ಈಗೇನಂತೀಯಮ್ಮ? ನುಗ್ಗೆಸೊಪ್ಪೂ ನಿಮ್ಮತ್ತೆ ಕಡೆ ಸೇರ್ಕಂಡು ಸುಳ್ಳು ಹೇಳ್ತೈತಾ?" ಅಂದ. ಯಾರೋ ಕಿಸಕ್ಕನೆ ನಕ್ಕರು.

ಗಾದ್ರಮ್ಮ ಚೀಲದಿಂದ ಒಂದು ಹಳೆಯ ಕೂಲ್‌ಡ್ರಿಂಕ್ಸ್ ಬಾಟಲಿ ತೆಗೆದಳು. ಒಳಗೆ ಕಪ್ಪು ಕಷಾಯ. ಬೆಳಿಗ್ಗೆ ಕುದಿಸಿದ್ದನ್ನು ಬಿಸಿಬಿಸಿಯಾಗಿಯೇ ತುಂಬಿದ್ದಳೇನೋ, ಬಾಟಲಿ ಸೊಂಟದಲ್ಲಿ ಮುದುಡಿತ್ತು. "ಇದು ಕುಡಿದ್ರೆ ಹೊಟ್ಟೆಯಾಗಿಂದೆಲ್ಲ ಕಿತ್ಕಂಡು ಬರ್ತೈತೆ. ಮೂರು ಹೊತ್ತು ಕುಡಿಸ್ಬೇಕು."

ನೇತ್ರಾವತಿ ಅಡ್ಡ ಬಂದಳು. "ಬ್ಯಾಡ. ಡಾಕ್ಟ್ರು ಬಾಯಿಬಿಟ್ಟು ಹೇಳಿದಾರೆ, ಇಂಥದ್ದು ಕುಡಿಸಿದ್ರೆ ಜೀವ ಉಳಿಯಲ್ಲ ಅಂತ. ಮಾವ, ನಿಮ್ಮ ಕಾಲಿಗೆ ಬೀಳ್ತೀನಿ."

"ಒಳಗಿಂದು ಹೊರಗೆ ಬಂದ್ರೆ ನಿನ್ನ ಬಣ್ಣ ಬಯಲಾಗ್ತೈತೆ ಅಂತ ಭಯಾನಾ?"

"ಫಯಾಜಣ್ಣ, ನೀವಾರ ಹೇಳ್ರಿ. ಅವತ್ತು ನೀವೂ ಆಸ್ಪತ್ರೇಲಿದ್ರಿ."

ಫಯಾಜ್ ಗುಂಪಿನ ಅಂಚಿನಲ್ಲಿ ನಿಂತಿದ್ದ. "ಹೌದು, ಡಾಕ್ಟ್ರು ಹೇಳಿದ್ದು ನಿಜ..." ಅನ್ನುವಷ್ಟರಲ್ಲಿ ದುರುಗಪ್ಪ ಕೈ ಎತ್ತಿದ. "ಸಾಬ್ರೆ, ಇದು ಗುಡಿ. ನೀವು ಪೈಪು ನೋಡ್ಕಳ್ರಿ." ಫಯಾಜನ ಮುಖ ಕೆಂಪಾಯಿತು. ಆದರೂ ಅವನು ಅಲ್ಲಿಂದ ಹೋಗಲಿಲ್ಲ.

ಇಬ್ಬರು ಹೆಂಗಸರು ನೇತ್ರಾವತಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಬಾಟಲಿಯ ಮುಚ್ಚಳ ಬಿಚ್ಚಿತು. ವಿನೋದ ಬಾಟಲಿಯನ್ನು ನೋಡಿದ, ತಾಯಿಯನ್ನು ನೋಡಿದ, ಬಾಯಿ ತೆರೆಯುವುದಕ್ಕೆ ಸಿದ್ಧನಾದ.

"ಗಾದ್ರವ್ವ!" ಅಂತ ಕೂಗಿದಳು ನೇತ್ರಾವತಿ. "ಕುಡಿಸದೇ ಇಳಿಸಾಕೆ ಬೇರೆ ದಾರಿ ಇಲ್ವಾ? ಚೌಡೇಶ್ವರಿ ತಾಯಿ ಎದುರಿಗೆ ಕೇಳ್ತಿದೀನಿ, ನಿಜ ಹೇಳು."

ಗಾದ್ರಮ್ಮ ಎಲೆಅಡಿಕೆ ಉಗುಳಿ ಬಂದು ನಿಧಾನವಾಗಿ ಹೇಳಿದಳು. "ಒಂದೈತೆ. ಹಾಕಿದೋರೇ ತಾಯಿ ಮುಂದೆ ನಿಂತು ನಾನು ಹಾಕಿದೆ ಅಂತ ಹೇಳಿದ್ರೆ ಮದ್ದಿನ ಕಟ್ಟು ಬಿಡ್ತೈತೆ. ಆಮೇಲೆ ಕಷಾಯ ಬ್ಯಾಡ. ಅವರು ಹೇಳಿದ ಪಥ್ಯ ನಡೆಸಿದ್ರೆ ಸಾಕು, ಏನು ಹಾಕಿದಾರೆ ಅನ್ನೋದು ಅವರಿಗೆ ತಾನೆ ಗೊತ್ತಿರೋದು? ಆದ್ರೆ ಎಲ್ಲಿ ಒಪ್ಕೊಳ್ತಾರೆ? ನನ್ನ ತಲೆ ಬೆಳ್ಳಗಾತು, ಒಬ್ರೂ ಒಪ್ಪಿದ್ದು ಕಂಡಿಲ್ಲ."

ನೇತ್ರಾವತಿ ಗರ್ಭಗುಡಿಯ ಕಡೆ ನೋಡಿದಳು. ಅವಳು ದೇವರಿಗೆ ಹೆದರುವ ಹೆಣ್ಣು. ದೀಪ ಹಚ್ಚದೆ ಒಲೆ ಹಚ್ಚಿದವಳಲ್ಲ. ತಾಯಿಯ ಮುಂದೆ ಸುಳ್ಳಾಡಿದ ನಾಲಿಗೆ ಏನಾಗುತ್ತದೆ ಅಂತ ಚಿಕ್ಕವಳಿದ್ದಾಗಿನಿಂದ ಕೇಳಿದ್ದಳು. ಬೆಳ್ಳಿಯ ಕಣ್ಣುಗಳು ಎಣ್ಣೆದೀಪದಲ್ಲಿ ಅಲುಗುತ್ತಿದ್ದವು. ಅವಳ ಮನಸ್ಸು ಹೀಗೆ ಅಂದುಕೊಂಡಿತು. ತಾಯೀ, ದಿನಾ ಬೆಳಿಗ್ಗೆ ಕುದಿಯೋ ಸಾರನ್ನ ಆ ಡಬ್ಬಿಗೆ ಸುರಿದ ಕೈ ನಂದೇ. ಒಂದು ಪಾಲು ನಂದೂ ಐತೆ. ಉಳಿದ ಪಾಲು ಯಾರ್ಯಾರದು ಅಂತ ನಿನಗೆ ಗೊತ್ತು. ಎಲ್ಲಾರ್ದೂ ನನ್ನ ತಲೆ ಮೇಲೇ ಹಾಕ್ಕಂತೀನಿ, ಇವರ್ನ ಉಳಿಸು.

ಆಮೇಲೆ ಗಟ್ಟಿಯಾಗಿ ಹೇಳಿದಳು.

"ಕುಡಿಸ್ಬೇಡ್ರಿ. ನಾನೇ ಹಾಕಿದ್ದು."

ರಟ್ಟೆ ಹಿಡಿದಿದ್ದ ಹೆಂಗಸರು ಬೆಂಕಿ ಮುಟ್ಟಿದವರಂತೆ ಕೈಬಿಟ್ಟರು. ಲಕ್ಷ್ಮಮ್ಮ ಓಡಿಬಂದು ಅವಳ ತುರುಬು ಹಿಡಿದು ಎರಡು ಕೆನ್ನೆಗೂ ಬಾರಿಸಿದಳು. "ಲೌಡಿ! ಉಂಡ ಮನೇಗೇ! ನಿನ್ನ ಕೈ ಸೇದಿಹೋಗ!"

ನೇತ್ರಾವತಿ ಅಷ್ಟೂ ಏಟು ತಿಂದಳು. ತುಟಿ ಒಡೆದು ರಕ್ತ ಬಂತು. ಅದನ್ನು ಸೆರಗಿನಲ್ಲಿ ಒರೆಸಿಕೊಂಡು, ಯಾರೂ ಅವಳಿಂದ ಎಂದೂ ಕೇಳಿರದ ಗಡುಸು ದನಿಯಲ್ಲಿ ಮಾತಾಡಿದಳು.

"ಹೊಡೆದಿದ್ದು ಸಾಕು, ಪಥ್ಯ ಕೇಳ್ರಿ. ನಾನು ಹಾಕಿರೋದು ಪ್ಲಾಸ್ಟಿಕ್ ಬಿಸಿಗೆ ಏಳೋ ಮದ್ದು. ಬಿಸಿದು ಯಾವುದೂ ಪ್ಲಾಸ್ಟಿಕ್ಕಿನಾಗೆ ಬಾಯಿಗೆ ಹೋಗಂಗಿಲ್ಲ. ಅನ್ನ ಇಲ್ಲ, ಸಾರಿಲ್ಲ, ಕವರಿನ ಟೀ ಇಲ್ಲ. ಬಿಸಿಲಿಗಿಟ್ಟ ಕ್ಯಾನಿನ ನೀರು ಇಲ್ಲ. ಪೈಪು ಸುಡೋ ಬೆಂಕಿ ಹತ್ರ ಇವರು ಸುಳಿಯಂಗಿಲ್ಲ, ಆ ಅಂಟು ಕೈಗೆ ತಾಗಂಗಿಲ್ಲ. ಬೇರು, ಸೊಪ್ಪು, ಕಷಾಯ ಒಂದು ಹನಿ ಬಿದ್ರೂ ಮದ್ದು ಎರಡರಷ್ಟು ಆಗ್ತೈತೆ. ಹೊನ್ನಾಳಿ ಡಾಕ್ಟ್ರು ಕೊಟ್ಟ ಗುಳಿಗೆ ತಪ್ಪಂಗಿಲ್ಲ, ಕರೆದಾಗೆಲ್ಲ ಹೋಗಿ ರಕ್ತ ಕೊಟ್ಟು ಬರಬೇಕು."

"ಇದೆಂಥ ಪಥ್ಯ? ಗುಳಿಗೆಗೂ ಮದ್ದಿಗೂ ಏನು ಸಂಬಂಧ?" ಅಂದ ದುರುಗಪ್ಪ.

"ಹಾಕಿದೋಳು ನಾನಾ ನೀವಾ?"

ದುರುಗಪ್ಪ ಗಾದ್ರಮ್ಮನ ಕಡೆ ತಿರುಗಿದ.

"ಎಷ್ಟು ದಿನ ನಡೆಸ್ಬೇಕು?" ಅಂತ ಕೇಳಿದಳು ಲಕ್ಷ್ಮಮ್ಮ. ಮಗನ ಜೀವದ ಮಾತು ಬಂದಾಗ ಅವಳ ದನಿ ಸಣ್ಣದಾಗಿತ್ತು.

"ಉಸಿರಿರೋ ತನಕ. ಮುರಿದ್ರೆ ನನ್ ಕೈಲೂ ಬಿಡಿಸಾಕಾಗಲ್ಲ."

ಗಾದ್ರಮ್ಮ ನೇತ್ರಾವತಿಯನ್ನು ಬಹಳ ಹೊತ್ತು ನೋಡಿದಳು. ಏನು ಅನ್ನಿಸಿತೋ, ಬಾಟಲಿಗೆ ಮುಚ್ಚಳ ತಿರುವಿ ಚೀಲಕ್ಕೆ ಹಾಕಿಕೊಂಡಳು. ವಿನೋದ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಅವಳೂ ಅವನನ್ನು ನೋಡಿದಳು. ಅವನು ಒಂದು ಮಾತು ಆಡಿಯಾನು ಅಂತ ಅವಳು ಕಾದದ್ದು ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅವನು ತಲೆ ತಗ್ಗಿಸಿದ.

ಮಧ್ಯಾಹ್ನದ ಬಸ್ಸಿಗೆ ಅವಳ ಚೀಲವನ್ನು ಬೀದಿಗೆ ಎಸೆದರು. ಜೊತೆಗೆ ಬಸ್‌ಸ್ಟಾಂಡಿನವರೆಗೆ ಬಂದವನು ಫಯಾಜ್ ಒಬ್ಬನೇ. "ಯಾಕಕ್ಕ ಹಿಂಗ್ ಮಾಡ್ದೆ?" ಅಂದ. ಅವಳು, "ಅವರನ್ನ ಬೆಂಕಿ ಹತ್ರ ಸೇರಿಸ್ಬೇಡಿ ಅಣ್ಣ. ನೀವೂ ಆ ಕಪ್ಲಿಂಗೇ ಹಾಕ್ರಿ. ನಿಮ್ಮ ಕಣ್ಣು ಇನ್ನೂ ಬೆಳ್ಳಗೈತೆ," ಅಂದಳು.

ಬಿಳಿಚೋಡಿಗೆ ಸುದ್ದಿ ಅವಳಿಗಿಂತ ಮುಂಚೆ ತಲುಪಿತ್ತು. ಅಣ್ಣ ಮಾರುತಿ ಒಳಗೆ ಬಾ ಅಂದ, ಅವನ ಹೆಂಡತಿ ಶಿವಲೀಲಾ ಒಲೆ ಹತ್ರ ಬರಬೇಡ ಅಂದಳು. ಕುರಿಹಟ್ಟಿಯ ಪಕ್ಕದ ಸಣ್ಣ ಕೋಣೆಯಲ್ಲಿ ಬೇರೆ ಒಲೆ ಹೂಡಿಕೊಂಡು, ಮೆಕ್ಕೆಜೋಳದ ಹೊಲಗಳಿಗೆ ಕೂಲಿಗೆ ಹೋದಳು. ಹೊಲದಲ್ಲಿ ಹೆಂಗಸರು ಬುತ್ತಿ ಬಿಚ್ಚಿದಾಗ ಅವಳ ಕಡೆ ಬೆನ್ನು ಹಾಕಿ ಕೂರುತ್ತಿದ್ದರು. ಒಬ್ಬಳು ಮುದುಕಿ ಮಾತ್ರ, "ಏ ಹುಡುಗಿ, ನನ್ನ ಗಂಡಂಗೂ ಒಂದಿಷ್ಟು ಹಾಕ್ಕೊಡೇ, ಮನೆ ಕಡೆ ತಿರುಗೀ ನೋಡಲ್ಲ," ಅಂದಿದ್ದಳು. ಎಲ್ಲರೂ ನಕ್ಕಿದ್ದರು. ನೇತ್ರಾವತಿ ಬದುವಿನ ಮೇಲೆ ಒಬ್ಬಳೇ ಕೂತು ಉಂಡಿದ್ದಳು.

ಇತ್ತ ಗೋವಿನಕೋವಿಯಲ್ಲಿ ಲಕ್ಷ್ಮಮ್ಮ ಪಥ್ಯ ನಡೆಸಿದಳು. ಅಷ್ಟು ದ್ವೇಷ ಇಟ್ಟುಕೊಂಡು ಅಷ್ಟು ನಿಷ್ಠೆಯಿಂದ ಯಾರೂ ಯಾರ ಮಾತನ್ನೂ ನಡೆಸಿರಲಾರರು. ಮನೆಯ ಪ್ಲಾಸ್ಟಿಕ್ ಡಬ್ಬಿಗಳೆಲ್ಲ ಗುಜರಿಗೆ ಹೋದವು. ಕವರಿನಲ್ಲಿ ಟೀ ತಂದವನನ್ನು ಪೊರಕೆ ಹಿಡಿದು ಓಡಿಸಿದಳು. ಅಂಗಳಕ್ಕೆ ಎಸೆದಿದ್ದ ಸ್ಟೀಲ್ ಡಬ್ಬಿಗಳನ್ನು ಹುಡುಕಿ ತಂದು, ಸೊಟ್ಟಗಾದದ್ದನ್ನು ಕಲ್ಲಿನಿಂದ ತಟ್ಟಿ ನೆಟ್ಟಗೆ ಮಾಡಿದಳು. ಅನುಮಾನ ಬಂದಾಗೆಲ್ಲ ಬಿಳಿಚೋಡಿಗೆ ಫೋನು.

"ಏಯ್, ಪ್ಲಾಸ್ಟಿಕ್ ಕೊಡದಾಗಿನ ತಣ್ಣೀರು ಆಗ್ತೈತಾ?"

"ಬ್ಯಾಡತ್ತೆ. ಸ್ಟೀಲ್‌ದು ಇಟ್ಕಳ್ರಿ."

"ಅತ್ತೆ ಗಿತ್ತೆ ಅಂದ್ರೆ ನಾಲಿಗೆ ಸೀಳ್ತೀನಿ. ಮದುವೆ ಊಟ?"

"ಬಾಳೆಎಲೆ ಆದ್ರೆ ಉಣ್ಲಿ. ಪ್ಲಾಸ್ಟಿಕ್ ಹಾಳೆ ಆದ್ರೆ ಬ್ಯಾಡ."

"ಹಾಳಾಗ್ ಹೋಗು." ಫೋನು ಕಟ್.

ಫಯಾಜ್ ಆಗೀಗ ನೇತ್ರಾವತಿಗೆ ಫೋನಿನಲ್ಲಿ ಸುದ್ದಿ ಹೇಳುತ್ತಿದ್ದ. ವಿನೋದ ಈಗ ಪೈಪಿನ ಕೆಲಸ ಬಿಟ್ಟು ಬೋರಿನ ಮೋಟಾರಿಗೆ ತಂತಿ ಸುತ್ತಿ ಕಟ್ಟುವುದು ಕಲಿಯುತ್ತಿದ್ದಾನೆ. ಹೊಟ್ಟೆ ಇಳಿದಿದೆ. ಡಾಕ್ಟರು ರಕ್ತ ನೋಡಿ, ಕಲೆ ಪೂರ್ತಿ ಹೋಗುತ್ತೆ ಅಂತ ಹೇಳೋಕಾಗಲ್ಲ, ಆದರೆ ಲಿವರ್ ಕೆಲಸ ಮಾಡ್ತಿದೆ, ಹೀಗೇ ನಡೆಸಿ ಅಂದಿದ್ದಾರೆ. ಊರಿನಲ್ಲಿ ಎಲ್ಲರೂ ಮದ್ದು ಇಳೀತು ಅಂತಿದ್ದಾರೆ. ಕೊನೆಯ ಮಾತು ಹೇಳುವಾಗ ಅವನ ದನಿ ತಗ್ಗುತ್ತಿತ್ತು.

ಮೆಕ್ಕೆಜೋಳ ಮುರಿದು, ರಾಶಿ ಒಣಗುವ ಕಾಲಕ್ಕೆ ಒಂದು ಮಧ್ಯಾಹ್ನ ವಿನೋದ ಬಿಳಿಚೋಡಿಗೆ ಬಂದ. ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಮುಖಕ್ಕೆ ಕಳೆ ಬಂದಿತ್ತು, ಕಣ್ಣು ತಿಳಿಯಾಗಿತ್ತು. ಆ ಕಣ್ಣನ್ನು ಕಂಡು ನೇತ್ರಾವತಿಗೆ ಆದ ಸಂತೋಷ ದೇವರಿಗೊಬ್ಬನಿಗೇ ಗೊತ್ತು. ಕೂರ್ರಿ ಅಂದಳು. ಕೆಲಸದಿಂದ ಆಗಷ್ಟೇ ಬಂದವಳು, ತನಗಂತ ಬೇಯಿಸಿಕೊಂಡಿದ್ದ ರೊಟ್ಟಿ, ಹುರುಳಿಕಾಳಿನ ಪಲ್ಯ ತಟ್ಟೆಗೆ ಹಾಕಿ ಅವನ ಮುಂದಿಟ್ಟಳು.

"ಅಮ್ಮ ಬರ್ಲಿ ಅಂದಾಳೆ," ಅಂದ ವಿನೋದ. "ಆದ್ರೆ ಅಡಿಗೆಮನೆ ಒಳಗೆ ಬರಂಗಿಲ್ವಂತೆ. ಅದಿರ್ಲಿ, ನಿಧಾನಕ್ಕೆ ಎಲ್ಲ ಸರಿಹೋಗ್ತೈತೆ."

"ನೀವೇನಂತೀರಿ?"

ಅವನು ರೊಟ್ಟಿಯ ಮೇಲೆ ಕೈ ಇಟ್ಟ. ಮುರಿಯಲಿಲ್ಲ. ಪಲ್ಯವನ್ನು ನೋಡಿದ. ಹೊರಗೆ ಕುರಿಮರಿಯೊಂದು ಅರಚುತ್ತಿತ್ತು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ," ಅಂದ. "ನೀನು ಹೇಳಿದ ಪಥ್ಯ ನಡೆಸಿದ್ಮೇಲೇ ನಂಗೆ ವಾಸಿಯಾಗಿದ್ದು. ಹಂಗಾಗಿ ಮನಸ್ಸಿಗೆ ಬರ್ತೈತೆ. ನೀನು ನಿಜವಾಗ್ಲೂ... ಏನೂ ಹಾಕಿರ್ಲಿಲ್ಲ, ಅಲ್ವಾ?"

ನೇತ್ರಾವತಿ ಅಳಲಿಲ್ಲ, ಬೈಯಲೂ ಇಲ್ಲ.

"ಇಲ್ಲಿ ಕೇಳ್ಬೇಡ್ರಿ," ಅಂದಳು. "ಊರಿನ ಗುಡಿಕಟ್ಟೆ ಮೇಲೆ ಕೇಳ್ರಿ. ನಿಮ್ಮಮ್ಮ, ನಿಮ್ಮ ಮಾವ, ಬೀದಿ ಎಲ್ಲ ಬರ್ಲಿ. ಎಲ್ಲಾರ ಮುಂದೆ ನೀವು ಬಾಯಿಬಿಟ್ಟು ಕೇಳಿದ ದಿನ ನಾನು ಬಂದು ಹೇಳ್ತೀನಿ. ಕೋಣೆಯಾಗೆ ಕೇಳೋ ಮಾತಲ್ಲ ಇದು."

"ಊರೋರ ಮುಂದೆ ಹೆಂಗೆ..."

ಅವನ ಕೈ ಇನ್ನೂ ರೊಟ್ಟಿಯ ಮೇಲೇ ಇತ್ತು. ನೇತ್ರಾವತಿ ಆ ತಟ್ಟೆಯನ್ನು ಅವನ ಕೈಕೆಳಗಿನಿಂದ ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. ಬೆಳಿಗ್ಗೆಯಿಂದ ಹೊಲದಲ್ಲಿದ್ದವಳು, ಹಸಿವಾಗಿತ್ತು. ಅವನೆದುರಿಗೇ ಕೂತು ರೊಟ್ಟಿ ಮುರಿದು, ಪಲ್ಯ ಹಚ್ಚಿ, ಒಂದೊಂದೇ ತುತ್ತು ಅವಸರವಿಲ್ಲದೆ ಅಗಿದು ಉಂಡಳು.

"ಜಗಳೂರಿಂದ ಬರೋ ಬಸ್ಸು ಇನ್ನೇನು ಬರ್ತೈತೆ," ಅಂದಳು ತಟ್ಟೆ ತೊಳೆಯುತ್ತ. "ಹೊಂಡ್ರಿ."